ಅತಿ ಹೆಚ್ಚು ನಡೆದವಳು

ಆ ಗಂಡಸಿನ ಮೊಣಕಾಲು ಮುರಿದದ್ದು ನಾನೇ. ಪೊಲೀಸರ ಎದುರಿಗೂ ಇದನ್ನೇ ಹೇಳಿದ್ದೇನೆ, ಪಕ್ಕದಲ್ಲಿ ವಕೀಲರು ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಿದ್ದರೂ ಹೇಳಿದ್ದೇನೆ. ಕೈ ಜಾರಿತು, ಗಾಬರಿಯಲ್ಲಿ ತಿಳಿಯಲಿಲ್ಲ ಎಂಬ ಬೊಗಳೆಯೆಲ್ಲ ನನಗೆ ಬೇಡ. ಬೆಳಗ್ಗೆ ಹನ್ನೊಂದೂಕಾಲು ಗಂಟೆ, ಕಿಟಕಿಯಿಂದ ಬಿಸಿಲು ಬಿದ್ದಿತ್ತು, ನಾನು ಗುರಿ ನೋಡಿಯೇ ಹೊಡೆದೆ. ಒಂದಲ್ಲ, ಎರಡು ಸಲ. ಪಶ್ಚಾತ್ತಾಪ ಇದೆಯೇ ಎಂದು ಕೇಳಿದರೆ ಇದೆ. ಆದರೆ ಅದು ನೀವು ಅಂದುಕೊಂಡ ಕಾರಣಕ್ಕಲ್ಲ.

ನನ್ನ ಕೆಲಸ ನಡಿಗೆ ಅಳೆಯುವುದು. ನಗಬೇಡಿ, ಅಂಥ ಕೆಲಸವೂ ಇದೆ. ಎದೆಯೆತ್ತರದ ಕಬ್ಬಿಣದ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟಗಲದ ಚಕ್ರ, ಪಕ್ಕದಲ್ಲಿ ಮೀಟರು ಎಣಿಸುವ ಪುಟ್ಟ ಡಬ್ಬಿ. ಇದನ್ನು ತಳ್ಳಿಕೊಂಡು ಇಪ್ಪತ್ತೆರಡು ವರ್ಷದಿಂದ ಬೀದಿ ಅಳೆಯುತ್ತಿದ್ದೇನೆ. ಎಲ್ಲರೂ ಗಾಲಿ ಅಕ್ಕ ಎನ್ನುತ್ತಾರೆ. ನನ್ನ ಗಂಡ ಬದುಕಿದ್ದಾಗ, ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ ಎಲ್ಲರಿಗೂ ಹೇಳುತ್ತಾರೆ, ನೀನು ಮಾತ್ರ ನಿಜವಾಗಿಯೂ ಕಟ್ಟಿಕೊಂಡಿದ್ದೀಯ ಎಂದು ನಗುತ್ತಿದ್ದರು. ಅವರು ಹೋಗಿ ಒಂಬತ್ತು ವರ್ಷವಾಯಿತು.

ಹೊಸ ರೈಲು ನಿಲ್ದಾಣದ ಸುತ್ತ ಒಂದು ಬಡಾವಣೆ ಕಟ್ಟಿದರು. ಆರಂತಸ್ತಿನ ಇಪ್ಪತ್ತು ಕಟ್ಟಡ, ಕೆಳಗೆ ಅಂಗಡಿಗಳು, ಕಾರು ನಿಲ್ಲಿಸಲು ಜಾಗವೇ ಇಲ್ಲ. ಯಾವ ಮನೆಯಿಂದ ಹೊರಟರೂ ಎಂಟು ನಿಮಿಷದೊಳಗೆ ಪ್ಲಾಟ್‌ಫಾರಂ ಮೇಲೆ ಇರಬೇಕು, ಅದೇ ಲೆಕ್ಕಾಚಾರ. ಗಾಡಿ ಇಟ್ಟುಕೊಳ್ಳಲಾಗದ ಜನ ನಡೆಯುತ್ತಾರೆ, ನಡೆದರೆ ಆರೋಗ್ಯ ಸುಧಾರಿಸುತ್ತದೆ ಎಂದು ಯೋಜನೆ ಹಾಕಿದವರ ನಂಬಿಕೆ. ನಿಜವಾಗಿಯೂ ನಡೆಯುತ್ತಾರೋ ಇಲ್ಲವೋ ನೋಡಲು ನಮ್ಮ ಕಚೇರಿಗೆ ಹೇಳಿದರು. ನೂರ ಇಪ್ಪತ್ತು ಜನರ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಸಿಕ್ಕಿಸಿ, ವಾರಕ್ಕೊಮ್ಮೆ ಹೋಗಿ ಅದರೊಳಗಿನದನ್ನು ಇಳಿಸಿಕೊಂಡು ಬರುವುದು ನನ್ನ ಪಾಲಿಗೆ ಬಂತು. ಬೆಂಕಿಪೊಟ್ಟಣದಷ್ಟಿರುವ ಆ ಯಂತ್ರ ಹತ್ತು ಹತ್ತು ನಿಮಿಷಕ್ಕೆ ಎಷ್ಟು ಹೆಜ್ಜೆ ಎಂದು ಬರೆದಿಡುತ್ತದೆ.

ಎಲ್ಲರಿಗಿಂತ ಹೆಚ್ಚು ನಡೆದವರಿಗೆ ಬಹುಮಾನ ಎಂದಿದ್ದರಿಂದ ಮೊದಲ ತಿಂಗಳು ಜನ ನಮ್ಮ ಕಣ್ಣಿಗೆ ಮಣ್ಣೆರಚಿದ ಚಂದ ಏನು ಹೇಳಲಿ. ಟೈಲರ್ ಒಬ್ಬಳು ಯಂತ್ರವನ್ನು ಪಾದಕ್ಕೆ ಕಟ್ಟಿಕೊಂಡು ಹೊಲಿಗೆ ಮಷಿನ್ ತುಳಿದು ದಿನಕ್ಕೆ ಮೂವತ್ತು ಸಾವಿರ ಹೆಜ್ಜೆ ಮಾಡಿದಳು. ನಿವೃತ್ತ ಮೇಷ್ಟರೊಬ್ಬರು ಟಿವಿ ನೋಡುತ್ತ ಅದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದರು, ಹೆಂಡತಿಯೇ ಬಂದು ಚಾಡಿ ಹೇಳಿದರು. ಇನ್ನೊಬ್ಬ ನಾಯಿಯ ಕುತ್ತಿಗೆಗೆ ಕಟ್ಟಿದ್ದ. ಹಾಗಾಗಿ ಯಾರದ್ದಾದರೂ ಅಂಕಿ ಹತ್ತು ಸಾವಿರ ದಾಟಿದರೆ ನಮ್ಮ ಕಚೇರಿಯ ಮೇಡಂ ಮೂಗು ಮುರಿದು, ಹೋಗಿ ನೋಡ್ಕೊಂಡು ಬನ್ನಿ ಎನ್ನುತ್ತಿದ್ದರು.

ಹಾಗೆ ನೋಡಿಕೊಂಡು ಬರಲು ಹೋದದ್ದು ಇಸ್ತ್ರಿಯವಳನ್ನು. ಮೂವತ್ತೆರಡರ ಹೆಣ್ಣು. ನಾಲ್ಕು ಸ್ಟೇಷನ್ ಆಚೆಯ ದೊಡ್ಡ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವ ಕೆಲಸ. ಮುಂಗೈ ಮೇಲೆ ಸುಟ್ಟ ಗೆರೆಗಳು, ಅವು ಆ ಕೆಲಸದ ಗುರುತು. ಕಡಿಮೆ ಮಾತು. ಐದನೇ ಮಹಡಿಯಲ್ಲಿ ಅವಳೂ ಗಂಡನೂ ಇಬ್ಬರೇ. ಗಂಡ ಲಿಫ್ಟ್ ಮೆಕ್ಯಾನಿಕ್, ಇಪ್ಪತ್ತೂ ಕಟ್ಟಡದ ಲಿಫ್ಟು ಅವನದೇ ಉಸ್ತುವಾರಿ. ಸಂಜೆಯ ಪಾಳಿ ಅವನದು, ಐದರಿಂದ ರಾತ್ರಿ ಹನ್ನೆರಡು. ಮುದುಕಿಯರ ಚೀಲ ಹಿಡಿದುಕೊಂಡು ಮನೆ ಬಾಗಿಲವರೆಗೆ ಬಿಡುತ್ತಿದ್ದ. ಬೆಣ್ಣೆಯಂಥ ಮಾತು. ಎಂಥ ಗಂಡನ್ನ ಪಡ್ಕೊಂಡು ಬಂದಿದ್ದಾಳಪ್ಪ ಅಂತ ನಾನೇ ಎಷ್ಟು ಸಲ ಅಂದುಕೊಂಡಿದ್ದೆನೋ.

ಅವಳ ಯಂತ್ರದಲ್ಲಿ ದಿನಕ್ಕೆ ಹದಿನಾಲ್ಕು ಸಾವಿರದ ಆರುನೂರು ಹೆಜ್ಜೆ. ಸ್ಟೇಷನ್ನಿಂದ ಅವಳ ಮನೆಗೆ ನಾನೇ ಅಳೆದಂತೆ ನಾನೂರ ಹತ್ತು ಮೀಟರು, ಆರು ನಿಮಿಷದ ದಾರಿ. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಅವಳ ರೈಲು ಬರುತ್ತದೆ. ಅಲ್ಲಿಂದ ನಾಲ್ಕೂ ನಲವತ್ತರವರೆಗೆ ಎಂಟು ಸಾವಿರಕ್ಕೂ ಹೆಚ್ಚು ಹೆಜ್ಜೆ ಬೀಳುತ್ತಿತ್ತು. ವಾರದಲ್ಲಿ ಆರು ದಿನ ಹೀಗೆ. ಏಳನೆಯ ದಿನ, ಮಂಗಳವಾರ, ಇಬ್ಬರಿಗೂ ರಜೆ, ಅವತ್ತು ಮಾತ್ರ ಇನ್ನೂರ ನಲವತ್ತೇ ಹೆಜ್ಜೆ. ಮೇಡಂ ಅದರ ಪಕ್ಕದಲ್ಲಿ ‘ವಿಶ್ರಾಂತಿ’ ಎಂದು ಬರೆದರು. ನಾನೂ ಹೌದೆಂದು ತಲೆಯಾಡಿಸಿದೆ. ಎಂಥ ಕುರುಡರು ನಾವಿಬ್ಬರೂ.

ಒಂದು ಸೋಮವಾರ ನಾನು ಸ್ಟೇಷನ್ ಬಾಗಿಲಲ್ಲಿ ಕಾದು ನಿಂತೆ. ಮೂರೂ ಇಪ್ಪತ್ತಕ್ಕೆ ಇಳಿದಳು. ಮನೆಯ ಕಡೆ ತಿರುಗಲೇ ಇಲ್ಲ. ಸ್ಟೇಷನ್ ಸುತ್ತ ಕಲ್ಲು ಹಾಸಿದ ಅಗಲ ದಾರಿಯಿದೆ, ಒಂದು ಸುತ್ತಿಗೆ ಆರುನೂರ ನಲವತ್ತು ಮೀಟರು. ಅದನ್ನು ಹಿಡಿದು ಹೊರಟಳು. ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಗಾಲಿ ತಳ್ಳಿಕೊಂಡು ಹಿಂದೆ. ಎರಡು ಸುತ್ತು, ಮೂರು ಸುತ್ತು, ನನ್ನ ದಮ್ಮು ಕಿತ್ತು ಬಂತು. ಬೆಂಚಿದ್ದರೂ ಕೂರಲಿಲ್ಲ, ಅಂಗಡಿ ನೋಡಲಿಲ್ಲ, ಯಾರ ಜೊತೆಯೂ ಮಾತಿಲ್ಲ. ನಾಲ್ಕನೇ ಸುತ್ತಿನಲ್ಲಿ ನಾನೇ ಕೂಗಿ ನಿಲ್ಲಿಸಿದೆ.

“ಅಮ್ಮಾ ತಾಯಿ, ನಿನ್ನ ಹಿಂದೆ ಬಂದು ನನ್ನ ಪ್ರಾಣ ಹೋಯ್ತು. ಏನಿದು, ಓಟದ ಪಂದ್ಯಕ್ಕೆ ತಯಾರಿನಾ?” ಎಂದೆ.

ಅವಳ ಮುಖದ ಬಣ್ಣವೇ ಹೋಯಿತು. ಸುತ್ತ ಒಮ್ಮೆ ನೋಡಿದಳು. “ಸಕ್ಕರೆ ಇದೆ ಅಕ್ಕ. ಡಾಕ್ಟರು ನಡೀಬೇಕು ಅಂದಿದ್ದಾರೆ.”

“ಒಳ್ಳೇದಾಯ್ತು ಬಿಡು. ನೀನು ಮೋಸ ಮಾಡ್ತಿದ್ದೀಯ ಅಂತ ನಮ್ಮ ಮೇಡಂ ಅನುಮಾನ ಪಟ್ಟಿದ್ರು. ಈಗ ನಾನೇ ಸಾಕ್ಷಿ.”

“ಮನೇಲಿ ಹೇಳ್ಬೇಡಿ ಅಕ್ಕ.”

“ಯಾಕೆ?”

“ಸುಮ್ನೆ. ನಗ್ತಾರೆ.”

ಅಷ್ಟೇ ಹೇಳಿ ಮತ್ತೆ ಹೊರಟಳು. ನಾಚಿಕೆ ಸ್ವಭಾವ, ಪಾಪ, ಎಂದುಕೊಂಡೆ. ನನಗೆ ಐವತ್ತೊಂದು ವಯಸ್ಸು. ಇಷ್ಟು ವರ್ಷ ಜನರ ನಡಿಗೆ ನೋಡಿದ್ದೇನೆ, ಕುಂಟುವವರು ಯಾವ ಕಾಲು ಕುಂಟುತ್ತಾರೆ ಎಂದು ದೂರದಿಂದಲೇ ಹೇಳಬಲ್ಲೆ. ಆದರೆ ಹೆದರಿ ನಡೆಯುವವಳು ಕಣ್ಣೆದುರಿಗೇ ನಡೆದು ಹೋದಾಗ ನನಗೆ ತಿಳಿಯಲಿಲ್ಲ.

ಆರು ತಿಂಗಳಾದ ಮೇಲೆ ಎಲ್ಲರ ಅಂಕಿ ಕೂಡಿಸಿದರು. ಬಡಾವಣೆಯ ಜನ ಮೊದಲಿಗಿಂತ ಹೆಚ್ಚು ನಡೆಯುತ್ತಿದ್ದಾರೆ ಎಂದು ಬಂತು. ಮೇಡಂ ಕುಣಿದಾಡಿದರು. ಎಲ್ಲರಿಗಿಂತ ಹೆಚ್ಚು ನಡೆದವರಿಗೆ ಒಂದು ಜೊತೆ ಒಳ್ಳೆಯ ನಡಿಗೆ ಶೂ ಬಹುಮಾನ. ಅದು ಇಸ್ತ್ರಿಯವಳಿಗೇ ಬಂತು, ಬೇರೆಯವರು ಅವಳ ಹತ್ತಿರಕ್ಕೂ ಸುಳಿದಿರಲಿಲ್ಲ.

ನಮ್ಮಲ್ಲಿ ಒಂದು ನಿಯಮವಿದೆ. ಯಾರ ಹೆಜ್ಜೆಯ ವಿವರವನ್ನೂ ಅವರ ಕೈಗೇ, ಅಂಟಿಸಿದ ಲಕೋಟೆಯಲ್ಲಿ ಕೊಡಬೇಕು. ಮನೆಯವರ ಕೈಗೆ ಕೊಡಕೂಡದು, ಮನೆಯವರ ಎದುರು ಓದಕೂಡದು. ತರಬೇತಿಯ ಮೊದಲ ದಿನವೇ ಹೇಳಿಕೊಡುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರಿಗೆ ಅದನ್ನು ಬಾಯಿಪಾಠ ಮಾಡಿಸುತ್ತಿದ್ದವಳೂ ನಾನೇ. ಆದರೆ ಒಳ್ಳೆಯ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ. ಗಂಡನೂ ಮನೆಯಲ್ಲಿರುವ ದಿನ ನೋಡಿ ಹೋಗೋಣ, ಅವನ ಎದುರಿಗೇ ಹೊಗಳೋಣ, ಅವಳಿಗೂ ಒಂದು ಬೆಲೆ ಬರಲಿ ಎಂದು ಮಂಗಳವಾರವನ್ನೇ ಆರಿಸಿದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

ಬಾಗಿಲು ತೆರೆದದ್ದು ಅವನೇ. “ಬನ್ನಿ ಅಕ್ಕ, ಬನ್ನಿ,” ಎಂದು ಕುರ್ಚಿ ಎಳೆದು ಹಾಕಿದ. ಚೊಕ್ಕ ಮನೆ. ಗೋಡೆಗೆ ಒಂದು ಹಲಗೆ, ಅದರ ಮೇಲೆ ಅವನ ಸ್ಪ್ಯಾನರುಗಳು ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ತೂಗುತ್ತಿದ್ದವು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಗಾಲಿಯನ್ನು ಬಾಗಿಲ ಹಿಂದೆ ಒರಗಿಸಿ ಶೂ ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

“ಇಡೀ ಬಡಾವಣೆಗೇ ಮೊದಲು ಬಂದಿದ್ದಾಳೆ ಕಣಪ್ಪ ನಿನ್ನ ಹೆಂಡ್ತಿ. ದಿನಕ್ಕೆ ಹದಿನಾಲ್ಕು ಸಾವಿರ ಚಿಲ್ಲರೆ,” ಎಂದೆ.

“ಹೌದಾ,” ಎಂದು ನಕ್ಕ. “ಇವಳು ನಡೆಯೋದು ನಾನು ನೋಡೇ ಇಲ್ವಲ್ಲ ಅಕ್ಕ. ಸ್ಟೇಷನ್ ಇಲ್ಲೇ ಇದೆ. ಎಲ್ಲಿ ನಡೀತಾಳೆ?”

ಅಕ್ಕ, ಎಂದು ಅವಳು ಒಂದೇ ಸಲ ಕರೆದಳು. ನಾನು ಅವಳ ಕಡೆ ಕೈ ಬೀಸಿ, ನಾಚಿಕೆ ಯಾಕೆ ಸುಮ್ಮನಿರು ಎಂದೆ. ಲಕೋಟೆ ಹರಿದು ಹಾಳೆ ಬಿಡಿಸಿ ಮೇಜಿನ ಮೇಲೆ ಹರಡಿದೆ. ಹತ್ತು ನಿಮಿಷಕ್ಕೊಂದರಂತೆ ಕಪ್ಪು ಕಂಬಗಳು, ಮಧ್ಯಾಹ್ನ ಮೂರೂ ಇಪ್ಪತ್ತರ ನಂತರದವು ಎಲ್ಲಕ್ಕಿಂತ ಎತ್ತರ. “ನೋಡಿಲ್ಲಿ, ರೈಲು ಇಳಿದವಳೇ ಸ್ಟೇಷನ್ ಸುತ್ತ ಸುತ್ತು ಹಾಕ್ತಾಳೆ. ನಾಲ್ಕೂ ನಲವತ್ತಕ್ಕೆ ಮನೆ. ನಾನೇ ಕಣ್ಣಾರೆ ನೋಡಿದ್ದೀನಿ.”

ಅವನು ಹಾಳೆಯ ಮೇಲೆ ಬೆರಳಿಟ್ಟು ಕಂಬದಿಂದ ಕಂಬಕ್ಕೆ ಸರಿಸಿದ. ಯಂತ್ರದ ನಕ್ಷೆ ಓದಿ ಬದುಕುವವನು, ಓದುವುದು ಅವನಿಗೆ ಕಷ್ಟವಾಗಲಿಲ್ಲ. “ಡ್ಯೂಟಿ ನಾಲ್ಕಕ್ಕೆ ಬಿಡ್ತಾರೆ ಅಂದಿದ್ಲು ನಂಗೆ,” ಎಂದ. ದನಿ ಎತ್ತರಿಸಲಿಲ್ಲ. “ನಾಲ್ಕೂವರೆಗೆ ನಾನು ಶಿಫ್ಟಿಗೆ ಇಳಿದು ಹೋಗ್ತೀನಿ. ನಾಲ್ಕೂ ನಲವತ್ತಕ್ಕೆ ಇವಳು ಹತ್ತಿ ಬರ್ತಾಳೆ. ಭಾರೀ ಲೆಕ್ಕ ಅಕ್ಕ.” ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ನನಗೆ ಚಹಾ ಕುಡಿದು ಹೋಗಿ ಎಂದ. ನಾನು ಆಮೇಲೆ ಬರ್ತೀನಿ ಎಂದು ಎದ್ದೆ. ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಎದೆಯಲ್ಲಿ ನಿಂತಿದೆ, ಆದರೆ ಆಗ ನಾನು ಅದನ್ನು ಖುಷಿಯ ಗಾಬರಿ ಎಂದೇ ತಿಳಿದೆ.

ಮೆಟ್ಟಿಲಿಳಿದು ಸ್ಟೇಷನ್ ಹತ್ತಿರ ಬಂದಾಗ ಕೈ ಖಾಲಿ ಅನ್ನಿಸಿತು. ಗಾಲಿ ಮರೆತಿದ್ದೆ. ಗೊಣಗುತ್ತ ವಾಪಸು ಹೋಗಿ ಮತ್ತೆ ಹತ್ತಿದೆ. ಐದನೇ ಮಹಡಿಯ ಮೊಗಸಾಲೆಗೆ ಕಾಲಿಡುವಾಗ ಒಂದು ಸದ್ದು ಕೇಳಿತು. ಚೀಲದೊಳಗಿಟ್ಟ ಮರದ ತುಂಡಿಗೆ ಹೊಡೆದಂತೆ. ಆಮೇಲೆ ಅವನ ದನಿ, ಅದೇ ಮೆತ್ತಗಿನ ದನಿ.

“ಒಂದು.”

ಮತ್ತೆ ಆ ಸದ್ದು.

“ಎರಡು. ಎಣಿಸು. ಹದಿನಾಲ್ಕು ಸಾವಿರ ಎಣಿಸಿದ್ದೀಯಲ್ಲ, ಇದನ್ನೂ ಎಣಿಸು.”

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿದೆ. ಅವಳು ನೆಲದ ಮೇಲೆ ಗೋಡೆಗೆ ಆನಿಕೊಂಡು ಬಿದ್ದಿದ್ದಳು, ಬಾಯಿಗೆ ಅವಳದೇ ಸೆರಗು ತುರುಕಿತ್ತು. ಕಾಲಿಗೆ ನಾನು ತಂದ ಹೊಸ ಶೂ. ಲೇಸನ್ನು ನೀಟಾಗಿ ಕಟ್ಟಿತ್ತು, ಅವನೇ ತೊಡಿಸಿ ಕಟ್ಟಿದ್ದ. ಅವನು ಅವಳ ಬಲಗಾಲನ್ನು ತನ್ನ ಮಂಡಿಯ ಕೆಳಗೆ ಒತ್ತಿ ಹಿಡಿದು, ಹಲಗೆಯ ಮೇಲಿದ್ದ ಎಲ್ಲಕ್ಕಿಂತ ದೊಡ್ಡ ಸ್ಪ್ಯಾನರಿನಿಂದ ಹಿಮ್ಮಡಿಯ ಮೇಲ್ಭಾಗಕ್ಕೆ ಹೊಡೆಯುತ್ತಿದ್ದ. ಸಿಟ್ಟಿನವನ ಹೊಡೆತವಲ್ಲ ಅದು. ಬೋಲ್ಟ್ ಬಿಗಿ ಮಾಡುವವನ ಹಾಗೆ, ಸ್ಥಳ ನೋಡಿ, ಅಳತೆಯಿಟ್ಟು. ಬಿಳಿ ಶೂವಿನ ಒಂದು ಪಕ್ಕ ಕೆಂಪಗಾಗಿ ಪಾದ ಹೊರಗಡೆಗೆ ತಿರುಗಿಕೊಂಡಿತ್ತು. ಪಾದ ಹಾಗೆ ತಿರುಗುವುದಿಲ್ಲ.

ಅವನು ತಲೆಯೆತ್ತಿ ನನ್ನನ್ನು ನೋಡಿದ. “ಅಕ್ಕ, ಇದು ನಮ್ಮ ಮನೆ ವಿಷಯ,” ಎಂದ. ಬಾಗಿಲು ಹಾಕ್ಕೊಂಡು ಹೋಗಿ ಎನ್ನುವ ಹಾಗೆ ಗಲ್ಲ ಅಲ್ಲಾಡಿಸಿದ.

ನನಗೆ ರಕ್ತ ನೆತ್ತಿಗೇರಿತು. ಬಾಗಿಲ ಹಿಂದಿನ ಗಾಲಿ ಕೈಗೆ ಬಂತು. ಅವನು ಏಳುತ್ತಿದ್ದ, ಒಂದು ಕಾಲು ನೆಟ್ಟಗಾಗಿತ್ತು. ಚಕ್ರದ ಕಡೆಯಿಂದ ಬೀಸಿ ಆ ಮೊಣಕಾಲಿನ ಪಕ್ಕಕ್ಕೆ ಕೊಟ್ಟೆ. ಕಬ್ಬಿಣದ ಪೆಟ್ಟಿಗೆ ಅದು ಒಳಗಡೆಗೆ ಬಾಗಿತು. ಅವನು ಅರಚಲಿಲ್ಲ, ಅಚ್ಚರಿಯಿಂದ ನೋಡಿದ, ಅಷ್ಟೇ. ಕೈಯಲ್ಲಿನ ಸ್ಪ್ಯಾನರನ್ನು ನನ್ನ ಕಡೆ ಬೀಸಿದ, ಅದು ನನ್ನ ಪಕ್ಕೆಲುಬಿಗೆ ತಗುಲಿ ಉಸಿರು ನಿಂತಿತು. ಎರಡನೇ ಸಲ ನಾನು ಮೇಲಿಂದ ಕೆಳಕ್ಕೆ, ಚಿಪ್ಪಿನ ಮೇಲೆ ನೇರವಾಗಿ ಹೊಡೆದೆ. ಮಡಕೆ ಒಡೆದ ಸದ್ದು. ಆಗ ಅರಚಿದ. ಆ ಅರಚಾಟ ಕೇಳಿ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಅವನ ಕೂಗಿಗೆ ಮಹಡಿಯ ಜನವೆಲ್ಲ ಓಡಿಬಂದರು. ಅವಳ ಕಾಲಿಗೆ ಬಿದ್ದ ಪೆಟ್ಟಿನ ಸದ್ದಿಗೆ ಒಬ್ಬರೂ ಬಂದಿರಲಿಲ್ಲ. ಮುದುಕಿಯೊಬ್ಬಳು ಎದುರಿಗೇ ನಿಂತು ನನಗೆ ಹಿಡಿಶಾಪ ಹಾಕಿದಳು, ನಮ್ಮ ಲಿಫ್ಟಿನ ಹುಡುಗನ್ನ ಕೊಂದುಬಿಟ್ಟಳಲ್ಲಪ್ಪ ಎಂದು. ನೆಲದ ಮೇಲೆ ಬಿದ್ದಿದ್ದ ಇಸ್ತ್ರಿಯವಳು ಅವರ ಕಣ್ಣಿಗೆ ಆಮೇಲೆ ಬಿದ್ದಳು. ಪೊಲೀಸರು ಅವಳ ದೂರನ್ನೂ ಬರೆದುಕೊಂಡರು, ಅವನ ದೂರನ್ನೂ ಬರೆದುಕೊಂಡರು. ಮೂರನೇ ದಿನ ನನಗೆ ಜಾಮೀನು ಸಿಕ್ಕಿತು. ಅವನಿಗೆ ಆಸ್ಪತ್ರೆಯ ಹಾಸಿಗೆಯ ಮೇಲೇ ಸಿಕ್ಕಿತು.

ಮೇಡಂ ಫೋನ್ ಮಾಡಿ, ಇನ್ನು ಮೇಲೆ ಕಚೇರಿಗೆ ಬರಬೇಡಿ ಎಂದರು. ನಿಯಮ ಮುರಿದದ್ದಕ್ಕೆ. ಅದು ಸರಿಯಾದದ್ದೇ, ನಾನು ಎದುರು ಮಾತಾಡಲಿಲ್ಲ. ಆದರೆ ಒಂದು ಕೇಳಿದೆ. “ಆ ಹುಡುಗಿ ಅಂಕಿ ತೆಗೆದುಬಿಡ್ತೀರಾ ಮೇಡಂ? ಅವಳು ಆರೋಗ್ಯಕ್ಕೆ ನಡೆದಿದ್ದಲ್ಲ.”

“ಯಾಕೆ ನಡೆದ್ರು ಅಂತ ನಾವು ಕೇಳಿಲ್ವಲ್ಲ,” ಎಂದರು. “ನಡೆದಿದ್ದು ನಿಜ ತಾನೆ?”

ನಾನು ಫೋನ್ ಇಟ್ಟೆ.

ಅವಳನ್ನು ಸೇರಿಸಿದ್ದು ಅವಳು ಕೆಲಸ ಮಾಡುವ ಆಸ್ಪತ್ರೆಗೇ. ನಾಲ್ಕನೇ ಮಹಡಿಯ ಹೆಂಗಸರ ವಾರ್ಡ್. ಹಾಸಿದ ಬಿಳಿ ಬಟ್ಟೆಯ ಮಡಿಕೆಯನ್ನು ಬೆರಳಲ್ಲಿ ತೀಡುತ್ತ ಮಲಗಿದ್ದಳು, ಯಾರೋ ಸರಿಯಾಗಿ ಇಸ್ತ್ರಿ ಮಾಡಿರಲಿಲ್ಲ. ಕಾಲಿಗೆ ಎರಡು ಕಡೆ ಕಬ್ಬಿಣದ ಕಡ್ಡಿ ಕೂರಿಸಿ ಪ್ಲಾಸ್ಟರ್ ಹಾಕಿದ್ದರು. ಅವನು ಕೆಳಗಿನ ಮಹಡಿಯಲ್ಲಿ, ಗಂಡಸರ ವಾರ್ಡಿನಲ್ಲಿ. ನಾನು ಸ್ಟೂಲ್ ಎಳೆದುಕೊಂಡು ಕೂತು, ತಪ್ಪಾಯ್ತು ಕಣೇ ಎಂದು ಅತ್ತೆ. ಅವಳು ಅಳು ಮುಗಿಯುವವರೆಗೂ ಕಾದಳು.

“ನೀವು ಹಾಳೆ ತೋರಿಸಿದ್ದಕ್ಕೆ ನಂಗೆ ಸಿಟ್ಟಿಲ್ಲ ಅಕ್ಕ. ನಿಮಗೆ ಗೊತ್ತಿರಲಿಲ್ಲ,” ಎಂದಳು. “ಅವರ ಕಾಲು ಯಾಕೆ ಮುರಿದ್ರಿ?”

ನನಗೆ ಅರ್ಥವಾಗಲಿಲ್ಲ. “ಮುರೀದೆ ಏನ್ ಮಾಡ್ಲಿ, ಪೂಜೆ ಮಾಡ್ಲಾ?”

“ತಲೆಗೆ ಹೊಡೆದಿದ್ರೆ ಸತ್ತೋಗ್ತಿದ್ರು. ಕೈ ಮುರಿದಿದ್ರೂ ಶಿಫ್ಟಿಗೆ ಹೋಗ್ತಿದ್ರು, ಹುಡುಗರ ಕೈಲಿ ಕೆಲಸ ಮಾಡಿಸ್ತಿದ್ರು. ಮೂರು ವರ್ಷ ಅಕ್ಕ. ಅವರು ಏಳೋಕೆ ಮುಂಚೆ ಮನೆ ಬಿಡೋದು, ಅವರು ಇಳಿದ ಮೇಲೆ ಹತ್ತೋದು, ಅವರು ಬರೋ ಹೊತ್ತಿಗೆ ನಿದ್ದೆ ಬಂದಿರೋ ಹಾಗೆ ಮಲಗೋದು. ಮಳೆ ಇರಲಿ, ಜ್ವರ ಇರಲಿ, ಕೂತರೆ ಯಾರಾದ್ರೂ ನೋಡಿ ಅವರಿಗೆ ಹೇಳ್ತಾರೆ ಅಂತ ಕೂರದೆ ನಡೆದೆ. ನಡೆಯೋರನ್ನ ಯಾರೂ ಏನೂ ಕೇಳಲ್ಲ. ಮಂಗಳವಾರ ಒಂದನ್ನ ಹಲ್ಲು ಕಚ್ಚಿ ಸಹಿಸ್ಕೋತಿದ್ದೆ. ಅವರು ಶಿಫ್ಟಿಗೆ ಹೋಗೋದೇ ನನ್ನ ಬದುಕಾಗಿತ್ತು. ಈಗ ತಿಂಗಳುಗಟ್ಟಲೆ ಅವರೂ ಮನೇಲಿ, ನಾನೂ ಮನೇಲಿ. ಎಲ್ಲಾ ದಿನಾನೂ ಮಂಗಳವಾರ ಮಾಡಿಟ್ರಿ ನೀವು.”

ಅವಳು ದನಿ ಏರಿಸಲಿಲ್ಲ. ನನ್ನನ್ನು ಯಾರಾದರೂ ನಡುಬೀದಿಯಲ್ಲಿ ನಿಲ್ಲಿಸಿ ಮುಖಕ್ಕೆ ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ನನ್ನ ಪಶ್ಚಾತ್ತಾಪ ಇದು.

ನಮ್ಮ ಮನೆಗೆ ಬಾ ಎಂದೆ. ಎಷ್ಟು ದಿನಕ್ಕೆ ಎಂದು ಕೇಳಿದಳು. ಅವಳನ್ನು ಹಾಗೆ ಕರೆದವರು ಮುಂಚೆಯೂ ಇದ್ದರಂತೆ. ಚಿಕ್ಕಮ್ಮನ ಮನೆಗೆ ಹೋದಾಗ ಹತ್ತನೇ ದಿನಕ್ಕೆ ಚಿಕ್ಕಪ್ಪನೇ ಫೋನ್ ಮಾಡಿ ಅವನನ್ನು ಕರೆಸಿದ್ದರಂತೆ, ಎಷ್ಟು ಒಳ್ಳೆ ಹುಡುಗ ಎಂದು. ನೀನು ನಡೆಯುವವರೆಗೆ, ಎಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ.

ಬಿಡುಗಡೆಯಾದ ದಿನ ಅವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೊರಟೆ. ಕೆಳಗಿನ ಬಾಗಿಲಲ್ಲಿ ಅವನೂ ಗಾಲಿಕುರ್ಚಿಯಲ್ಲಿ ಕೂತಿದ್ದ, ಕಾಲು ಮುಂದಕ್ಕೆ ಚಾಚಿ. ಅವನ ಅಣ್ಣ ಗಾಡಿ ತರಲು ಹೋಗಿದ್ದರು. ನಮ್ಮನ್ನು ನೋಡಿ ನಕ್ಕ. “ಬೇಗ ವಾಸಿ ಮಾಡ್ಕೋ,” ಎಂದು ಅವಳಿಗೆ ಹೇಳಿದ. “ನಾನೂ ಮಾಡ್ಕೋತೀನಿ.” ನಾನು ಕುರ್ಚಿಯನ್ನು ಬೇಗ ಬೇಗ ತಳ್ಳಿದೆ. ಅವಳು ಮಾತ್ರ ಅವನ ಕಾಲನ್ನೇ ನೋಡುತ್ತಿದ್ದಳು, ಮೊಣಕಾಲಿಂದ ಪಾದದವರೆಗೆ.

ಆಟೋದಲ್ಲಿ ಕೂತ ಮೇಲೆ ಕೇಳಿದಳು. “ಅವರಿಗೆ ಎಷ್ಟು ದಿನ ಅಂದಿದ್ದಾರೆ ಡಾಕ್ಟರು?”

“ಊರುಗೋಲು ಇಲ್ದೆ ನಡೆಯೋಕೆ ಮೂರು ತಿಂಗಳು.”

“ನಂಗೆ ಆರು ವಾರ,” ಎಂದಳು. ಅಷ್ಟೇ. ಮನೆ ಬರುವವರೆಗೂ ಬೆರಳು ಮಡಿಸಿ ಏನೋ ಎಣಿಸುತ್ತಿದ್ದಳು.

ನನ್ನದು ಸ್ಟೇಷನ್ ಹಿಂದಿನ ಹಳೆ ಬೀದಿಯಲ್ಲಿ ನೆಲಮಹಡಿಯ ಒಂದೂವರೆ ಕೋಣೆಯ ಮನೆ, ಬಾಗಿಲಲ್ಲಿ ನಿಂತರೆ ಎರಡೂ ಪ್ಲಾಟ್‌ಫಾರಂ ಕಾಣುತ್ತವೆ. ಮಂಚ ಅವಳಿಗೆ ಬಿಟ್ಟು ನಾನು ನೆಲದ ಮೇಲೆ ಮಲಗಿದೆ. ಪ್ರತಿ ಸಂಜೆ ಅವನು ಫೋನ್ ಮಾಡುತ್ತಿದ್ದ. ನಾನು ಎತ್ತಿದರೆ, ಚೆನ್ನಾಗಿದ್ದೀರಾ ಅಕ್ಕ, ಅವಳು ಊಟ ಮಾಡ್ತಿದ್ದಾಳಾ ಎಂದು ಕೇಳುತ್ತಿದ್ದ. ಒಂದು ದಿನ ಬಾಗಿಲಿಗೆ ಯಾರೋ ಮಲ ಬಳಿದು ಹೋದರು. ಇನ್ನೊಂದು ದಿನ ಕಿಟಕಿಯಿಂದ ಇಟ್ಟಿಗೆ ಬಂತು, ಮಂಚದ ತಲೆದಿಂಬಿನ ಮೇಲೆ ಬಿತ್ತು. ಅವಳು ಆಗ ಬಚ್ಚಲಿಗೆ ಹೋಗಿದ್ದಳು. ಗಾಜು ಗುಡಿಸುತ್ತ ನಾನು ಅವನ ಏಳೇಳು ತಲೆಮಾರನ್ನೂ ಬೈದೆ. ಅವಳು ಇಟ್ಟಿಗೆಯನ್ನು ನೆಲಕ್ಕಿಟ್ಟು, ಅದರ ಮೇಲೆ ಒಳ್ಳೆಯ ಕಾಲಿಟ್ಟು ಹತ್ತಿ ಇಳಿಯುವ ಅಭ್ಯಾಸ ಮಾಡಿದಳು. ಗೋಡೆ ಹಿಡಿದು ನೂರು ಸಲ, ಸಂಜೆ ಮತ್ತೆ ನೂರು ಸಲ. ನೋವಿಗೆ ಬೆವರಿ ಬಟ್ಟೆ ತೊಯ್ದು ಹೋಗುತ್ತಿತ್ತು. ಸಾಕು ಬಿಡೇ ಎಂದರೆ ಕೇಳುತ್ತಿರಲಿಲ್ಲ.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಕಾಲು ಸೊರಗಿ ಕಡ್ಡಿಯಾಗಿತ್ತು, ಹಿಮ್ಮಡಿ ಒಂದು ಪಕ್ಕಕ್ಕೆ ವಾರೆ ನಿಂತಿತ್ತು. ಮಾರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಒಂದು ಕೈಚೀಲ ಹಿಡಿದು ಹೊರಟು ನಿಂತಳು.

ನನ್ನ ಬಾಯಿಗೆ ಪ್ರಶ್ನೆ ಬಂದಿತ್ತು. ಎಲ್ಲಿಗೆ ಹೋಗ್ತೀಯೇ, ಯಾರಿದ್ದಾರೆ ನಿನಗೆ, ತಲುಪಿದ ಮೇಲೆ ಫೋನ್ ಮಾಡು. ಇಷ್ಟೂ ಮಾತುಗಳು ಹಲ್ಲಿನ ಹಿಂದೆ ಸಾಲಾಗಿ ನಿಂತಿದ್ದವು. ಜೀವಮಾನದಲ್ಲಿ ಮೊದಲ ಸಲ ಬಾಯಿಗೆ ಬೀಗ ಹಾಕಿದೆ. ಅವಳಿಗೂ ಅದು ತಿಳಿಯಿತು. ನನ್ನ ಭುಜದ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದಳು. “ಬಾಗಿಲಲ್ಲಿ ನಿಂತು ನೋಡ್ಬೇಡಿ ಅಕ್ಕ. ಯಾವ ಕಡೆ ರೈಲು ಹತ್ತಿದೆ ಅಂತ ಗೊತ್ತಾಗುತ್ತೆ,” ಎಂದಳು. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಕುಂಟುವ ಹೆಜ್ಜೆಯ ಸದ್ದು ಬೀದಿಯ ತಿರುವಿನವರೆಗೂ ಕೇಳಿತು, ಆಮೇಲೆ ಕೇಳಲಿಲ್ಲ.

ನಾಲ್ಕನೇ ದಿನ ಅವನು ಬಂದ. ಎರಡು ಕಂಕುಳಲ್ಲಿ ಎರಡು ಊರುಗೋಲು, ಶರ್ಟು ಇಸ್ತ್ರಿಯಾಗಿತ್ತು. ನಾನು ಹಿತ್ತಲಿನಿಂದ ಬಂದು ನೋಡುವಾಗ ಆಗಲೇ ಒಳಗೆ ನಿಂತಿದ್ದ. ಮಂಚ ನೋಡಿದ, ಬಚ್ಚಲ ಬಾಗಿಲನ್ನು ಊರುಗೋಲಿನಿಂದ ತಳ್ಳಿ ನೋಡಿದ.

“ಎಲ್ಲಿ ಅಕ್ಕ?”

“ಹೋದ್ಲು.”

“ಎಲ್ಲಿಗೆ?”

“ಗೊತ್ತಿಲ್ಲ.”

ಗೋಡೆಗೆ ಬೆನ್ನು ಆನಿಸಿ ಭದ್ರವಾಗಿ ನಿಂತುಕೊಂಡು, ಬಲಗಡೆಯ ಊರುಗೋಲನ್ನು ಬೀಸಿ ನನ್ನ ಬಾಯಿಗೆ ಹೊಡೆದ. ಹಲ್ಲು ಕಿತ್ತು ನಾಲಿಗೆಯ ಮೇಲೆ ಬಿತ್ತು. ಉಗುಳಿದೆ.

“ನಿಮ್ಮ ಹೊಟ್ಟೇಲಿ ಏನೂ ನಿಲ್ಲಲ್ಲ ಅಂತ ಇಡೀ ಬಡಾವಣೆಗೇ ಗೊತ್ತು. ಹೇಳಿಬಿಡಿ.”

“ಗೊತ್ತಿಲ್ಲ ಕಣಪ್ಪ.”

ಎರಡನೆಯದು ಕಿವಿಗೆ. ಮೂರನೆಯದು ಹಳೆಯ ಪಕ್ಕೆಲುಬಿಗೆ. ನಾನು ಕೂತಲ್ಲೇ ಮುದುಡಿದೆ. ಕಣ್ಣು ಕತ್ತಲೆಗಟ್ಟಿತು, ಪ್ರಾಣಭಯವಾಯಿತು, ಎರಡೂ ನಿಜ. ಆದರೆ ಆ ಭಯದ ಒಳಗೆ ಒಂದು ಧೈರ್ಯವಿತ್ತು. ಅವನು ಚರ್ಮ ಸುಲಿದರೂ ನನ್ನೊಳಗಿಂದ ತೆಗೆಯಲು ಅಲ್ಲಿ ಏನೂ ಇರಲಿಲ್ಲ.

“ಉತ್ತರಕ್ಕೋ ದಕ್ಷಿಣಕ್ಕೋ? ಅಷ್ಟಾದ್ರೂ ಹೇಳೇ ಮುದುಕಿ,” ಎಂದು ಕೂಗಿದ. ಅವನ ಗಂಟಲಿಂದ ಅಂಥ ದನಿ ಯಾರೂ ಕೇಳಿರಲಿಲ್ಲ. ಎದುರುಮನೆಯ ಬಾಗಿಲು ತೆರೆಯಿತು, ಅದರ ಪಕ್ಕದ್ದೂ ತೆರೆಯಿತು. ಬೀದಿಯ ಜನ ಕಿಟಕಿಯಲ್ಲಿ ಮುಖವಿಟ್ಟು, ಬಡಾವಣೆಯವರೆಲ್ಲ ಹೊಗಳುವ ಲಿಫ್ಟಿನ ಹುಡುಗನನ್ನು ನೋಡಿದರು.

“ನಾನು ಕೇಳ್ಲೇ ಇಲ್ಲ,” ಎಂದೆ. “ಅವಳು ಹೇಳ್ಲೂ ಇಲ್ಲ. ಬಾಗಿಲಲ್ಲಿ ನಿಂತು ನೋಡ್ಲೂ ಇಲ್ಲ.”

ಅವನು ಬಗ್ಗಿ ನನ್ನ ಗಲ್ಲ ಹಿಡಿದೆತ್ತಿ ಮುಖವನ್ನು ಹುಡುಕಿದ. ನಾನು ಸುಳ್ಳು ಹೇಳಿದರೆ ಮುಖದಲ್ಲಿ ಕಾಣುತ್ತದೆ, ಅದು ಅವನಿಗೂ ಗೊತ್ತಿತ್ತು. ಹುಡುಕಿ ಹುಡುಕಿ ಕೊನೆಗೆ ಕೈಬಿಟ್ಟ. ಊರುಗೋಲು ಜಾರಿ ನೆಲಕ್ಕೆ ಬಿತ್ತು. ಅವನು ಗೋಡೆ ಹಿಡಿದು ಜಾರುತ್ತ ನನ್ನ ಎದುರಿಗೇ ಕುಸಿದು ಕೂತ, ಮಡಿಸಲಾಗದ ಕಾಲು ಬಾಗಿಲಿಗೆ ಅಡ್ಡವಾಗಿ ಚಾಚಿಕೊಂಡಿತ್ತು. ನನ್ನ ಬಾಯಿಂದ ರಕ್ತ ಇಳಿದು ಸೆರಗು ತೊಯ್ಯುತ್ತಿತ್ತು, ಆದರೂ ನನಗೆ ನಗು ತಡೆಯಲಾಗಲಿಲ್ಲ.